ಬಾಗಿಸಿ ನೋಡದ ಆರು ಎಳೆಗಳು

ಜನವರಿ 15

ಮಗಳೇ,

ಹೋದ ಸೋಮವಾರ, ಎಂಟನೇ ತಾರೀಕು, ನೀನು ಸಂಜೆ ಬಸ್ಸಿಳಿದು ಓಡಿ ಬಂದು ನನ್ನ ಮಂಚದ ಪಕ್ಕ ಕೂತೆ. ಎರಡು ಗಂಟೆ ಕೂತರೂ ನಾನು ಒಂದು ಮಾತೂ ಆಡಲಿಲ್ಲ. ಕೋಪದಿಂದ ಎಂದುಕೊಂಡು ಹೋಗಿದ್ದರೆ ಅದನ್ನು ಮೊದಲು ತಲೆಯಿಂದ ತೆಗೆ. ನನ್ನ ಗಾಜಿನ ಕುಲುಮೆ ಬಿಟ್ಟು ಆ ಕಾರ್ಖಾನೆ ಸೇರಿದೆಯೆಂದು ಮೂರು ವರ್ಷ ಮುಖ ಊದಿಸಿಕೊಂಡಿದ್ದೆ, ಇಲ್ಲವೆನ್ನುವುದಿಲ್ಲ. ಅವತ್ತು ಮಾತ್ರ ಬಾಯಿ ತೆರೆದರೆ ಮತ್ತೆ ರಕ್ತ ಬಂದೀತೆಂಬ ಭಯ. ಕೆಮ್ಮಿದಾಗ ಬೇಸಿನ್ನಿಗೆ ಬಿದ್ದ ಕೆಂಪನ್ನು ನನ್ನಕ್ಕ, ನಿನ್ನ ಅತ್ತೆ, ಕಂಡು ನಿನಗೆ ಫೋನ್ ಮಾಡಿದಳು. ನಾನಾಗಿದ್ದರೆ ನಲ್ಲಿ ತಿರುಗಿಸಿ ತೊಳೆದು ಸುಮ್ಮನಾಗುತ್ತಿದ್ದೆ.

ಗಂಟಲ ಡಾಕ್ಟರು ಮೊನ್ನೆ ಮೂಗಿನಿಂದ ಕ್ಯಾಮೆರಾ ಇಳಿಸಿ ನೋಡಿದರು. ಎಡಗಡೆಯ ಧ್ವನಿತಂತಿನ ಮೇಲೆ ಮೆಂತ್ಯದ ಕಾಳಿನಷ್ಟು ಗಂಟು. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಪಿಸುಮಾತೂ ಆಡಕೂಡದಂತೆ. ನಲವತ್ತು ವರ್ಷ ಉರಿ ನೋಡಿದ ಕಣ್ಣಿಗೆ ಮೊಬೈಲಿನ ಸಣ್ಣ ಅಕ್ಷರ ಹಿಡಿಯುವುದಿಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಅದು ಕೆಟ್ಟ ಗಂಟೇ ಆಗಿದ್ದರೆ ಲೇಸರಿನಿಂದ ಸುಟ್ಟು ತೆಗೆಯುತ್ತಾರಂತೆ. ಲೇಸರನ್ನು ಗಂಟಲೊಳಕ್ಕೆ ಒಯ್ಯುವುದು ನಿಮ್ಮ ಕಾರ್ಖಾನೆಯ ಟೊಳ್ಳು ಗಾಜಿನ ಎಳೆಯಂತೆ. ಡಾಕ್ಟರು ಹೆಮ್ಮೆಯಿಂದಲೇ ಹೇಳಿದರು. ಗಾಜು ಹೇಗೆ ಒಡೆಯುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನನ್ನ ಗಂಟಲಿಗೆ ಗಾಜು ಬೇಡ.

ನೀನು ತಂದ ಸ್ವೆಟರು ಮೈಗೆ ಸರಿಯಾಗಿದೆ.

ಇಷ್ಟು ತಿಳಿಸಬೇಕಿತ್ತು,
ಅಪ್ಪ

*

ಜನವರಿ 22

ಅಪ್ಪಾ,

ನಿನ್ನ ಅಕ್ಷರ ನೋಡಿ ಎಷ್ಟು ಕಾಲವಾಗಿತ್ತು. ಲಕೋಟೆಯನ್ನು ಮಧ್ಯಾಹ್ನದವರೆಗೆ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ, ಬಿಚ್ಚಲು ಧೈರ್ಯ ಬರಲಿಲ್ಲ.

ಗಾಜು ಬೇಡ ಎನ್ನಬೇಡ. ನಾವು ಮಾಡುವುದು ಏನೆಂದು ನೀನು ಒಮ್ಮೆಯೂ ಕೇಳಲಿಲ್ಲ. ಈಗ ಹೇಳುತ್ತೇನೆ. ಹೆಬ್ಬೆರಳಿನ ದಪ್ಪದ ಗಾಜಿನ ಕೊಳವೆಯನ್ನು ಎರಡಾಳೆತ್ತರದ ಕುಲುಮೆಯಲ್ಲಿ ಕಾಯಿಸಿ ಕೆಳಗಿನಿಂದ ಎಳೆಯುತ್ತೇವೆ. ಅದು ನೂಲಿನ ಹಾಗೆ ಇಳಿದು ಬರುತ್ತದೆ, ಆದರೆ ನಡುವಿನ ತೂತು ಉಳಿದೇ ಇರುತ್ತದೆ. ಹೊರಗೆ ಕೂಡಲೇ ಪ್ಲಾಸ್ಟಿಕ್ಕಿನ ತೆಳು ಕವಚ ಕೂರಿಸುತ್ತೇವೆ, ಅದರಿಂದಾಗಿ ಬಾಗಿಸಿದರೂ ಮುರಿಯುವುದಿಲ್ಲ. ಆಮೇಲೆ ಎಳೆ ನಮ್ಮ ಕೋಣೆಗೆ ಬರುತ್ತದೆ. ಬೆಳ್ಳಿಯ ದ್ರಾವಣವನ್ನೂ ಸಕ್ಕರೆಯ ಜಾತಿಯ ಇನ್ನೊಂದು ದ್ರಾವಣವನ್ನೂ ಪಂಪಿನಿಂದ ಆ ತೂತಿನಲ್ಲಿ ಹರಿಸುತ್ತೇವೆ. ಒಳಗೋಡೆಗೆಲ್ಲ ಬೆಳ್ಳಿ ಕೂರುತ್ತದೆ. ಅದರ ಮೇಲೆ ಅಯೋಡಿನ್ ಹಾಯಿಸಿದರೆ ಹಳದಿ ಪದರವೊಂದು ಕಟ್ಟುತ್ತದೆ. ನನಗೆ ಇದನ್ನೆಲ್ಲ ಕಲಿಸಿದವರನ್ನು ಇಲ್ಲಿ ಬೆಳ್ಳಿಯಕ್ಕ ಎಂದೇ ಕರೆಯುತ್ತಾರೆ. ಹದಿನೆಂಟು ವರ್ಷದ ಕೆಲಸದಿಂದ ಅವರ ಬೆರಳ ತುದಿಗಳೆಲ್ಲ ಕಪ್ಪು.

ಈ ಲೇಸರ್ ಕಣ್ಣಿಗೆ ಕಾಣದ ಬೆಳಕು, ಬರೀ ಶಾಖ. ಗಾಜಿನ ಮೂಲಕ ಕಳಿಸಿದರೆ ಗಾಜೇ ಅದನ್ನು ನುಂಗಿಬಿಡುತ್ತದೆ. ಅದಕ್ಕೇ ನಡುವಿನ ಖಾಲಿಯಲ್ಲಿ, ಬೆಳ್ಳಿಯ ಗೋಡೆಗೆ ಜಾರಿಸುತ್ತ ಕಳಿಸುವುದು. ನಿನ್ನ ಗಂಟಲಿಗೆ ತಾಗುವುದು ಗಾಜಲ್ಲ ಅಪ್ಪಾ, ಅದರ ತುದಿಯಿಂದ ಹೊರಬಿದ್ದ ಬೆಳಕು.

ಪ್ರತಿ ಎಳೆಯನ್ನೂ ಎರಡು ಸಲ ಪರೀಕ್ಷಿಸುತ್ತೇವೆ. ನೇರ ಹಿಡಿದು ಒಮ್ಮೆ, ಊಟದ ತಟ್ಟೆಯಷ್ಟಗಲದ ಚಕ್ರಕ್ಕೆ ಬಾಗಿಸಿ ಒಮ್ಮೆ. ಎರಡಕ್ಕೂ ರಿಜಿಸ್ಟರಿನಲ್ಲಿ ಸಹಿ ಬೀಳಬೇಕು. ಒಪ್ಪಿಕೋ.

ನಿನ್ನ ಉತ್ತರಕ್ಕೆ ಕಾಯುತ್ತ,
ಮಗಳು

*

ಫೆಬ್ರವರಿ 6

ಮಗಳೇ,

ಕೆಟ್ಟದ್ದೇ. ಮೊದಲ ಹಂತ, ಈಗಲೇ ತೆಗೆದರೆ ಪೂರ್ತಿ ಹೋಗುತ್ತದೆ ಎಂದರು. ಬಿಟ್ಟರೆ ಏನಾಗುತ್ತದೆಂದು ಅವರು ಹೇಳಲಿಲ್ಲ, ನಾನು ಬರೆದು ಕೇಳಲೂ ಇಲ್ಲ. ಸ್ಲೇಟು ಕೈಯಲ್ಲೇ ಇತ್ತು.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಒಪ್ಪಿದ್ದೇನೆ. ನೀನು ಹೇಳಿದೆ ಎಂದು ಒಪ್ಪಿದ್ದೇನೆ, ಡಾಕ್ಟರು ಹೇಳಿದರೆಂದಲ್ಲ. ಮಾರ್ಚ್ 14, ಗುರುವಾರ ಬೆಳಿಗ್ಗೆ.

ನಿನ್ನ ಅತ್ತೆ ನಾನು ಮೂಗನಾದ ಕೂಡಲೇ ಕಿವುಡನೂ ಆಗಿದ್ದೇನೆಂದು ತಿಳಿದು ಕಿರುಚಿ ಮಾತಾಡುತ್ತಾಳೆ. ಪಕ್ಕದ ಮನೆಯವರಿಗೂ ನನ್ನ ಮಾತ್ರೆಯ ಹೊತ್ತು ಬಾಯಿಪಾಠವಾಗಿದೆ. ನಗು ಬರುತ್ತದೆ. ಆದರೆ ನನ್ನ ಮುಖ ಅವಳಿಗೆ ಕಾಣದಿರಲೆಂದು ಗೋಡೆಯ ಕಡೆ ತಿರುಗಿ ಹಾಲು ಕುಡಿಯುತ್ತೇನೆ.

ಹೆದರಿರುವ,
ಅಪ್ಪ

*

ಫೆಬ್ರವರಿ 20

ಅಪ್ಪಾ,

ಒಂದು ಸಣ್ಣ ಕೆಲಸ. ಈ ವಾರ ರಕ್ತ ಪರೀಕ್ಷೆಗೆ ಹೋದಾಗ ಆಪರೇಷನ್ ಕೋಣೆಯ ನರ್ಸನ್ನು ಕೇಳಿ, ಅವರ ಹತ್ತಿರವಿರುವ ನಮ್ಮ ಎಳೆಗಳ ಡಬ್ಬಿಯ ಮೇಲಿನ ನಂಬರ್ ಬರೆದುಕೊಂಡು ಬಾ. ಅತ್ತೆಗೆ ಹೇಳಬೇಡ, ಹೇಳಿದರೆ ಬೀದಿಗೆಲ್ಲ ಹೇಳಿದಂತೆ. ಕಾರ್ಖಾನೆಯಲ್ಲಿ ಏನೋ ಲೆಕ್ಕ ತಾಳೆ ನೋಡುತ್ತಿದ್ದಾರೆ, ಅಷ್ಟೇ. ಬೇರೇನಿಲ್ಲ.

ಅವಸರದಲ್ಲಿ,
ಮಗಳು

*

ಫೆಬ್ರವರಿ 24

ಮಗಳೇ,

ನಂಬರ್ ಕೊಡಲಿಲ್ಲ. ನರ್ಸಮ್ಮ ನನ್ನ ಸ್ಲೇಟು ಓದಿ, “ಅದೆಲ್ಲ ನಿಮಗ್ಯಾಕೆ ಯಜಮಾನ್ರೇ, ಹೋಗಿ ಆರಾಮಾಗಿರಿ” ಎಂದಳು.

ನೀನು ಐದನೇ ವಯಸ್ಸಿನಲ್ಲಿ ನನ್ನ ಅಳತೆ ಜಾಡಿ ಒಡೆದಾಗಲೂ “ಬೇರೇನಿಲ್ಲ” ಎಂದಿದ್ದೆ. ನಾನು ಮಾತಾಡದೆ ತಿಂಗಳ ಮೇಲಾಗಿದೆ. ಮಾತಾಡದವನಿಗೆ ಓದುವುದಕ್ಕೆ ಬಹಳ ಹೊತ್ತು ಸಿಗುತ್ತದೆ. ಏನಾಗಿದೆ, ಬರೆ.

ಅಪ್ಪ

*

ಮಾರ್ಚ್ 1

ಅಪ್ಪಾ,

ಇದನ್ನು ಮೂರು ಸಲ ಬರೆದು ಹರಿದೆ. ನಾಲ್ಕನೆಯದನ್ನು ಓದದೆ ಲಕೋಟೆಗೆ ಹಾಕುತ್ತೇನೆ.

ಫೆಬ್ರವರಿ 16ರಂದು ಬೇರೊಂದು ಆಸ್ಪತ್ರೆಯಲ್ಲಿ ನಮ್ಮ ಎಳೆಯೊಂದು ಬಾಗಿದ ಜಾಗದಲ್ಲಿ ಸುಟ್ಟು ಸಿಡಿಯಿತು. ಆಪರೇಷನ್ ಮುಗಿಯುತ್ತ ಬಂದಿತ್ತು, ರೋಗಿಗೆ ಏನೂ ಆಗಲಿಲ್ಲ. ಎಳೆಯನ್ನು ಎತ್ತಿ ಹಿಡಿದಿದ್ದ ನರ್ಸಿನ ಮಣಿಕಟ್ಟು ಸುಟ್ಟಿತು. ಸಿಡಿದ ಎಳೆಯ ನಂಬರ್ ಬಂದಾಗ ನಾನು ಬೆಳ್ಳಿ ಕೂರಿಸುವ ಕೋಟಿಂಗ್ ಕೋಣೆಯಲ್ಲಿದ್ದೆ. ಆ ಬ್ಯಾಚು ನನ್ನದು. ಜನವರಿ ಎಂಟರದು.

ಆ ಬೆಳಿಗ್ಗೆ ಬೆಳ್ಳಿ ಹರಿಯುತ್ತಿದ್ದಾಗ ಕರೆಂಟು ಹೋಯಿತು. ಪಂಪು ನಿಂತಿತು. ನಿಂತ ದ್ರಾವಣವನ್ನು ಚೆಲ್ಲಬೇಕು, ಎಳೆಗಳನ್ನು ಎಸೆಯಬೇಕು, ಅದು ನಿಯಮ. ಬೆಳ್ಳಿಯಕ್ಕ ರಜೆಯಲ್ಲಿದ್ದರು. ಇಪ್ಪತ್ತು ನಿಮಿಷಕ್ಕೆ ಏನಾದೀತೆಂದು ನಾನು ಮತ್ತೆ ಪಂಪು ಹಾಕಿದೆ. ಮಧ್ಯಾಹ್ನ ನೇರ ಹಿಡಿದು ನೋಡಿದಾಗ ಆರೂ ಎಳೆಗಳಲ್ಲಿ ಬೆಳಕು ಚೆನ್ನಾಗಿಯೇ ಬಂತು. ನೇರವಿದ್ದಾಗ ಬೆಳಕು ಗೋಡೆಗೆ ಹೆಚ್ಚು ತಾಗದೆ ಹೋಗುತ್ತದೆ. ಬಾಗಿದ ಕಡೆ ಗೋಡೆಗೆ ಹೊಡೆಯುತ್ತ ಸಾಗಬೇಕು, ಅಲ್ಲಿ ಬೆಳ್ಳಿ ತೆಳುವಾಗಿದ್ದರೆ ಆ ಜಾಗ ಉರಿದುಹೋಗುತ್ತದೆ. ಬಾಗಿಸುವ ಪರೀಕ್ಷೆಗೆ ಎಳೆಗೆ ಅರ್ಧ ಗಂಟೆ. ನಾನು ಅದನ್ನು ಮಾಡಲಿಲ್ಲ. ಹಿಂದಿನ ವಾರದ ಅಂಕಿಗಳನ್ನು ನೋಡಿ ಹತ್ತಿರ ಹತ್ತಿರದ ಆರು ಅಂಕಿ ಬರೆದೆ. ಕೆಳಗೆ ಸಹಿ ಹಾಕಿ ಹೊರಟುಹೋದೆ.

ಮೊನ್ನೆ ಕಾರ್ಖಾನೆಯ ಯಜಮಾನರು ಆ ನರ್ಸನ್ನು ನೋಡಲು ಹೊರಟಾಗ ನನ್ನನ್ನೂ ಕರೆದೊಯ್ದರು. ಸಣ್ಣ ಮನೆ, ಬಾಗಿಲಲ್ಲೇ ಹೊಲಿಗೆ ಯಂತ್ರ. ಮೊಣಕೈವರೆಗೆ ಬ್ಯಾಂಡೇಜು.

“ತುಂಬಾ ನೋವಾಯ್ತಾ?” ಯಜಮಾನರು ಕೇಳಿದರು.

“ಮೊದಲು ಏನೂ ಗೊತ್ತಾಗ್ಲಿಲ್ಲ ಸಾರ್. ಆ ಬೆಳಕು ಕಾಣಲ್ಲ ನೋಡಿ. ಗ್ಲೌಸು ಸುಟ್ಟ ವಾಸನೆ ಬಂತು. ಯಾರ ಗ್ಲೌಸು ಅಂತ ಸುತ್ತ ನೋಡ್ದೆ. ಆಮೇಲೆ ನಂದೇ ಅಂತ ಗೊತ್ತಾಯ್ತು.” ನನ್ನ ಕಡೆ ತಿರುಗಿದರು. “ನೀವೂ ಅದೇ ಕೆಲಸ ಮಾಡೋರಾ?”

“ಹೂಂ.”

“ಹುಷಾರಮ್ಮ. ನಿಮ್ಮ ಕೈಗೂ ಹೀಗಾಗಬಾರದು.”

ಕಾರಿನಲ್ಲಿ ಯಜಮಾನರು, “ಗಾಜಲ್ವಾ, ಸಾವಿರಕ್ಕೊಂದು ಹೀಗಾಗುತ್ತೆ ಬಿಡು,” ಎಂದರು. ನಾನು ಬಿಟ್ಟೆ. ಬಾಯಿ ಬಿಡಲಿಲ್ಲ.

ಉಳಿದ ಐದು ಎಳೆ ಎಲ್ಲೆಲ್ಲಿಗೆ ಹೋಗಿವೆಯೆಂದು ರವಾನೆಯ ಪುಸ್ತಕದಲ್ಲಿ ಕದ್ದು ನೋಡಿದೆ. ಒಂದು ನಿನ್ನ ಆಸ್ಪತ್ರೆಯಲ್ಲಿದೆ. ಒಪ್ಪಿಕೋ ಎಂದು ನಾನೇ ಬರೆದಿದ್ದೆ.

ಇದರ ಕೆಳಗೆ ಹೆಸರು ಹಾಕಲು ಕೈ ಬರುತ್ತಿಲ್ಲ.

*

ಮಾರ್ಚ್ 4

ಮಗಳೇ,

ಜನವರಿ ಎಂಟು. ನೀನು ಯಾಕೆ ಹೊರಟುಹೋದೆಯೆಂದು ಬರೆದಿಲ್ಲ. ಕ್ಯಾಲೆಂಡರು ನನ್ನ ಎದುರಿಗೇ ನೇತಾಡುತ್ತಿದೆ. ಅತ್ತೆ ಮೂರು ಗಂಟೆಗೆ ಫೋನ್ ಮಾಡಿದಳು, ನೀನು ನಾಲ್ಕರ ಬಸ್ಸು ಹತ್ತಿದೆ.

ನನ್ನ ಹೆಸರನ್ನು ನೆಪ ಮಾಡಿಕೊಳ್ಳಲಿಲ್ಲ, ಒಳ್ಳೆಯದಾಯಿತು. ಮಾಡಿಕೊಂಡಿದ್ದರೂ ನಾನು ಒಪ್ಪುತ್ತಿರಲಿಲ್ಲ. ಅಪ್ಪನಿಗೆ ರಕ್ತ ಬಂದರೆ ಎಳೆಗಳನ್ನು ಹಾಗೇ ಬಿಟ್ಟು ಓಡಬಹುದು, ಯಾರೂ ಬೈಯುವುದಿಲ್ಲ. ಸಹಿ ಹಾಕಿ ಓಡಬಾರದು. ಸಹಿಗೆ ಎಷ್ಟು ಹೊತ್ತು ಬೇಕಾಯಿತು, ಅಷ್ಟೇ ಹೊತ್ತಿನಲ್ಲಿ “ನೋಡಿಲ್ಲ” ಎಂದೂ ಬರೆಯಬಹುದಿತ್ತು.

ಬೈದೆ. ಈಗ ಇನ್ನೊಂದು. ನಿನ್ನ ಪತ್ರ ಓದಿದಾಗಿನಿಂದ ಗಂಟಲಲ್ಲಿ ಏನೋ ಬೆಳೆಯುತ್ತಿರುವುದು ನನಗೇ ತಿಳಿಯುತ್ತಿದೆ ಎನಿಸುತ್ತದೆ. ಹಾಗೆ ತಿಳಿಯುವುದಿಲ್ಲ ಎನ್ನುತ್ತಾರೆ ಡಾಕ್ಟರು. ಆಪರೇಷನ್ ಮುಂದಕ್ಕೆ ಹಾಕಿಸಿದರೆ ಆ ಕಾಳು ದೊಡ್ಡದಾಗುತ್ತದೆ. ಹಾಕಿಸದಿದ್ದರೆ ನಿನ್ನ ಎಳೆ. ಎರಡರ ನಡುವೆ ಕೂತಿದ್ದೇನೆ.

ಯಜಮಾನರ ಮುಂದೆ ಹೋಗಿ ನಿಲ್ಲು. ಆ ಉಳಿದ ಎಳೆಗಳ ಕೆಳಗೆ ಮಲಗಲಿರುವವರೂ ಯಾರದೋ ಮನೆಯವರು.

ನಿನ್ನ ಮೇಲೆ ಸಿಟ್ಟಾಗಿರುವ, ನಿನ್ನ
ಅಪ್ಪ

*

ಮಾರ್ಚ್ 9

ಅಪ್ಪಾ,

ನಿನ್ನ ಪತ್ರ ಬರುವ ಹಿಂದಿನ ದಿನವೇ ಹೇಳಿಬಿಟ್ಟೆ. ಮೊದಲು ಬೆಳ್ಳಿಯಕ್ಕನಿಗೆ. ಅವರು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟು, “ಆರೂನಾ?” ಎಂದರು. ಆರೂ ಎಂದೆ. “ನಡಿ,” ಎಂದು ನನ್ನ ರಟ್ಟೆ ಹಿಡಿದು ಯಜಮಾನರ ಕೋಣೆಗೆ ಕರೆದೊಯ್ದರು. ಯಜಮಾನರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಒಂದೊಂದೇ ಆಸ್ಪತ್ರೆಗೆ ಫೋನ್ ಮಾಡಿದರು. ಪ್ರತಿ ಸಲವೂ ಮೊದಲಿನಿಂದ ಪೂರ್ತಿ ಹೇಳಿದರು, ನಾನು ಎದುರಿಗೆ ನಿಂತಿದ್ದೆ.

ಮೂರು ಎಳೆ ವಾಪಸ್ಸು ಬಂದವು. ಅಕ್ಕ ಬಾಗಿಸಿ ನೋಡಿದರು. ಒಂದು ಸರಿಯಿತ್ತು, ಎರಡು ಸುಟ್ಟವು. ಇನ್ನೊಂದನ್ನು ಆಗಲೇ ಒಬ್ಬ ರೋಗಿಗೆ ಬಳಸಿದ್ದಾರೆ, ಅವರು ಚೆನ್ನಾಗಿದ್ದಾರೆ. ಎರಡು ಸಲ ವಿಚಾರಿಸಿದೆವು.

ಆರನೆಯದು ನಿಮ್ಮಲ್ಲಿದೆ, ಆದರೆ ಯಾವುದೆಂದು ಅವರಿಗೇ ಗೊತ್ತಿಲ್ಲ. ಕ್ರಿಮಿ ಕೊಲ್ಲುವ ಹಬೆಯಲ್ಲಿ ಚೀಟಿಗಳು ಕಿತ್ತುಹೋಗಿವೆಯಂತೆ. ಚೀಟಿಯಿಲ್ಲದ ನಾಲ್ಕು ಎಳೆ ಇವೆ. ಯಾವುದನ್ನೂ ಬಳಸಬೇಡಿ ಎಂದು ಯಜಮಾನರು ಹೇಳಿದರು. “ನಾವು ಪ್ರತಿ ಸಲವೂ ಪರೀಕ್ಷೆ ಮಾಡಿಯೇ ಬಳಸೋದು,” ಎಂದಿತು ಆ ಕಡೆಯ ದನಿ. ಅವರು ನೇರ ಹಿಡಿದು ನೋಡುತ್ತಾರೆ. ನೇರ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಹೊಸದನ್ನು ಮಾಡಿ ಕಳಿಸಲು ಎರಡು ವಾರ ಬೇಕು.

ಹದಿನಾಲ್ಕಕ್ಕೆ ನಾನು ಬರಲಾರೆ. ಅವತ್ತೇ ಎಳೆ ಸಿಡಿದದ್ದರ ತನಿಖೆಯವರು ನನ್ನ ಹೇಳಿಕೆ ತೆಗೆದುಕೊಳ್ಳುತ್ತಾರೆ. ಈ ಪತ್ರವನ್ನು ಜೊತೆಗೇ ಇಟ್ಟುಕೊಂಡು ಹೋಗು. ಮಲಗುವ ಮೊದಲು ಡಾಕ್ಟರ ಕೈಗೆ ಕೊಡು. ಬಾಗಿಸಿ ನೋಡಲಿ. ಅವರು ನಕ್ಕರೂ ಬೈದರೂ ಬಾಗಿಸದೆ ಮಲಗಬೇಡ.

ಕೈ ಮುಗಿಯುತ್ತೇನೆ,
ಮಗಳು

*

ಮಾರ್ಚ್ 15

ಮಗಳೇ,

ನಾನು ಮನೆಯಲ್ಲಿದ್ದೇನೆ. ಗಂಟಲು ಹಾಗೇ ಇದೆ, ಗಂಟೂ ಹಾಗೇ ಇದೆ. ಮೊದಲು ಅದನ್ನು ಓದಿ ಉಸಿರು ಬಿಡು.

ನಿನ್ನೆ ಏಳು ಗಂಟೆಗೆ ಹಸಿರು ಬಟ್ಟೆ ಹಾಕಿಸಿ, ಗಾಲಿಮಂಚದ ಮೇಲೆ ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಲ್ಲಿಸಿದರು. ಡಾಕ್ಟರು ಬಂದಾಗ ನಿನ್ನ ಪತ್ರ ಕೊಟ್ಟೆ. ಓದಿದರು. “ಕಾರ್ಖಾನೆಯವರು ಫೋನ್ ಮಾಡಿದ್ರು, ಗೊತ್ತು. ಈಗಷ್ಟೇ ಒಂದನ್ನ ಪರೀಕ್ಷೆ ಮಾಡಿ ಇಟ್ಟಿದೀನಿ. ಚೆನ್ನಾಗಿದೆ.” ನಾನು ಸ್ಲೇಟಿನಲ್ಲಿ “ಬಾಗಿಸಿ” ಎಂದು ಬರೆದೆ. “ಹೊತ್ತಾಗುತ್ತೆ, ಇನ್ನೂ ನಾಲ್ಕು ಜನ ಕಾಯ್ತಿದಾರೆ,” ಎಂದರು. ನಾನು ಅಳಿಸಿ ಮತ್ತೆ ಅದನ್ನೇ ಬರೆದೆ. ಮೂರನೇ ಸಲ ಬರೆಯುವಾಗ ಬಳಪ ಮುರಿಯಿತು. ನಿನ್ನ ಅತ್ತೆ ಎಲ್ಲಿದ್ದಳೋ, ಬಂದು ನನ್ನ ಮಂಚದ ಗಾಲಿಗೆ ಕಾಲು ಅಡ್ಡ ಕೊಟ್ಟು ನಿಂತಳು. “ಅವನು ಹೇಳಿದ್ದು ಮಾಡಿ ಡಾಕ್ಟ್ರೇ. ಇಲ್ಲಾಂದ್ರೆ ನಾನು ಈ ಮಂಚ ತಳ್ಳಿಕೊಂಡು ಮನೆಗೆ ಹೋಗ್ತೀನಿ.” ಇಡೀ ಕಾರಿಡಾರಿಗೆ ಕೇಳಿಸಿತು.

ಅವರು ಒಳಗೆ ಹೋದರು. ಬಾಗಿಲು ಅರ್ಧ ತೆರೆದಿತ್ತು. ನಾನು ಮಲಗಿಕೊಂಡೇ ಕಿವಿಗೊಟ್ಟೆ. ಯಂತ್ರ ಗುಂಯ್ ಎಂದಿತು. ಎಣಿಸತೊಡಗಿದೆ. ಹನ್ನೊಂದು ಎಣಿಸುವಷ್ಟರಲ್ಲಿ ಚಟ್ ಎಂದಿತು.

ಗಾಜಿನ ಸದ್ದು ಎಷ್ಟು ಬಗೆಯೆಂದು ನನಗೆ ಗೊತ್ತು. ನೆಲಕ್ಕೆ ಬಿದ್ದದ್ದು ಬೇರೆ, ಬಿಗಿ ತಾಳದೆ ಸೀಳಿದ್ದು ಬೇರೆ. ಇದು ಒಳಗಿನಿಂದ ಕಾದು ಒಡೆದ ಗಾಜು.

ಡಾಕ್ಟರು ಹೊರಗೆ ಬಂದು ನನ್ನ ಕಾಲ ಬಳಿ ಮಂಚದ ಮೇಲೇ ಕೂತರು. ಕೂರಬಾರದ ಜಾಗ ಅದು. “ನನ್ನ ಕೈಯಲ್ಲಿ ಹೀಗೇ ಬಾಗಿರ್ತಿತ್ತು,” ಎಂದರು.

ಉಳಿದ ಮೂರನ್ನೂ ವಾಪಸ್ಸು ಕಳಿಸುತ್ತಾರೆ. ಹೊಸದು ಬಂದ ಮೇಲೆ ದಿನ ಗೊತ್ತು ಮಾಡುತ್ತಾರೆ. ಬೇಗ ಕಳಿಸಿ. ನೀನು ಮಾಡುತ್ತೀಯೋ ಬೇರೆಯವರು ಮಾಡುತ್ತಾರೋ, ಬೇಗ.

ಅಪ್ಪ

*

ಮಾರ್ಚ್ 20

ಅಪ್ಪಾ,

ನಾನು ಮಾಡುವುದಿಲ್ಲ. ಕೋಟಿಂಗ್ ಕೋಣೆಯಿಂದ ನನ್ನನ್ನು ತೆಗೆದಿದ್ದಾರೆ. ಈಗ ಕುಲುಮೆಗೆ ಹೋಗುವ ಕೊಳವೆಗಳನ್ನು ತೊಳೆಯುವ ಕೆಲಸ. ಕೆಲಸದಿಂದಲೇ ತೆಗೆಯಬೇಕೆಂದು ತನಿಖೆಯವರು ಹೇಳಿದರಂತೆ. ಅದು ಇನ್ನೂ ತೀರ್ಮಾನವಾಗಿಲ್ಲ. ಆ ನರ್ಸಿನ ಮನೆಗೆ ಒಬ್ಬಳೇ ಹೋಗಿ ಹೇಳಿ ಬಂದೆ. ಅವರು ಎದ್ದು ಬಾಗಿಲು ತೆರೆದು ಹಿಡಿದರು, ನಾನು ಹೊರಗೆ ಬಂದೆ.

ನಿನ್ನ ಎಳೆಗೆ ಬೆಳ್ಳಿಯಕ್ಕ ನಿನ್ನೆ ಬೆಳ್ಳಿ ಕಟ್ಟಿದರು. ನಾನು ಕಿಟಕಿಯ ಗಾಜಿನಾಚೆ ನಿಂತು ನೋಡಿದೆ. ಕರೆಂಟು ಹೋಗಲಿಲ್ಲ. ಬಾಗಿಸುವ ಹೊತ್ತಿಗೆ ಅಕ್ಕ ಕಿಟಕಿ ತಟ್ಟಿ ಕರೆದರು. “ನೀನೇ ಹಿಡಿ.”

“ನನಗೆ ಭಯ ಅಕ್ಕ.”

“ಗೊತ್ತು. ಹಿಡಿ.”

ಒಂದು ಕಡೆಗೆ ಬಾಗಿಸಿ ನೋಡಿದೆವು, ತಿರುಗಿಸಿ ಇನ್ನೊಂದು ಕಡೆಗೆ ನೋಡಿದೆವು. ಆಮೇಲೆ ಚಹಾ ಲೋಟದಷ್ಟು ಸಣ್ಣ ಚಕ್ರಕ್ಕೆ ಬಾಗಿಸಿದೆವು. ಅಷ್ಟು ಯಾವ ಡಾಕ್ಟರೂ ಬಾಗಿಸುವುದಿಲ್ಲ. ಏನೂ ಆಗಲಿಲ್ಲ. ಅಂಕಿಗಳನ್ನು ಅಕ್ಕ ಬರೆದು ಸಹಿ ಮಾಡಿದರು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ಈ ಸಲ ಬರುತ್ತೇನೆ. ರಜೆ ಕೊಡದಿದ್ದರೂ ಬರುತ್ತೇನೆ.

ಮಗಳು

*

ಏಪ್ರಿಲ್ 17

ಮಗಳೇ,

ಆಪರೇಷನ್ ದಿನ ನೀನು ಕಾರಿಡಾರಿನ ಬೆಂಚಿನಲ್ಲಿ ಮೂರು ಗಂಟೆ ಕಾಲು ಕುಣಿಸುತ್ತ ಕೂತದ್ದನ್ನು ಅತ್ತೆ ಈಗಲೂ ನಟಿಸಿ ತೋರಿಸುತ್ತಾಳೆ. ನನಗೆ ಆ ದಿನದ್ದು ನೆನಪಿರುವುದು ಸೂಜಿ ಚುಚ್ಚಿದ್ದು, ಆಮೇಲೆ ನಿನ್ನ ಮುಖ. ನಡುವೆ ಏನೂ ಇಲ್ಲ.

ನೀನು ಹೋದ ಮೇಲಿನ ಸುದ್ದಿ. ತೆಗೆದ ಗಂಟಿನ ಸುತ್ತಲ ಅಂಚೆಲ್ಲ ಶುದ್ಧವಾಗಿದೆ, ಏನೂ ಉಳಿದಿಲ್ಲ ಎಂದು ರಿಪೋರ್ಟು ಬಂದಿದೆ. ಎರಡು ತಿಂಗಳಿಗೊಮ್ಮೆ ಕ್ಯಾಮೆರಾ ಇಳಿಸಿ ನೋಡುತ್ತಾರಂತೆ, ಐದು ವರ್ಷ. ಹಾಗಾಗಿ ಭಯ ಪೂರ್ತಿ ಹೋಗಿಲ್ಲ. ಎಡ ತಂತಿನ ಮೂರನೇ ಒಂದು ಪಾಲು ಹೋಗಿದೆ, ದನಿ ಮೊದಲಿನಂತೆ ಇರುವುದಿಲ್ಲ ಎಂದು ಮೊದಲೇ ಹೇಳಿದರು. ನನ್ನದು ಮೊದಲೂ ಅಷ್ಟೇನು ಚೆಂದವಿರಲಿಲ್ಲ.

ಮಾತು ಕಲಿಸುವ ಹುಡುಗಿಯೊಬ್ಬಳು ವಾರಕ್ಕೆರಡು ಸಲ ಬರುತ್ತಾಳೆ. ಸೋಮವಾರದಿಂದ ದಿನಕ್ಕೆ ಐದು ಪದ ಆಡಬಹುದಂತೆ, ಅದೂ ಮೆಲ್ಲಗೆ. ಐದೇ ಐದು, ಅಂಗಡಿಯವರ ಹಾಗೆ ಎಣಿಸಿ ಕೊಟ್ಟಿದ್ದಾಳೆ.

ಅಪ್ಪ

*

ಏಪ್ರಿಲ್ 22

ಅಪ್ಪಾ,

ಬೆಳಿಗ್ಗೆ ಹತ್ತಕ್ಕೆ ನಾನು ತೊಳೆಯುವ ತೊಟ್ಟಿಯ ಮುಂದೆ ನಿಂತಿದ್ದೆ, ಕೈಯೆಲ್ಲ ನೊರೆ. ಫೋನು ಅತ್ತೆಯ ನಂಬರಿನಿಂದ. ಜನವರಿಯಿಂದ ಆ ನಂಬರು ಕಂಡರೆ ಕೈ ಒರೆಸುವಷ್ಟೂ ಕಾಯುವುದಿಲ್ಲ. ಎತ್ತಿದರೆ ಯಾರೋ ಗೊತ್ತಿಲ್ಲದ ಗಂಡಸಿನ ಉಸಿರು. ಆಸ್ಪತ್ರೆಯವರು ಯಾರೋ ಮಾಡಿದ್ದಾರೆ, ಏನೋ ಆಗಿಹೋಗಿದೆ ಎಂದುಕೊಂಡೆ. “ಯಾರು? ಯಾರು ನೀವು? ಅತ್ತೆ ಎಲ್ಲಿ?” ಎಂದು ಕೂಗಿಬಿಟ್ಟೆ. ನಿನ್ನನ್ನೇ ಹಾಗೆ ಕೇಳಿದೆನಲ್ಲ.

“ನಾನು ಕಣೇ, ಅಪ್ಪ,” ಎಂದೆ ನೀನು. ಮರಳು ಜರಡಿ ಹಿಡಿದಂಥ ದನಿ. ಅಲ್ಲಿಗೆ ಮೂರು ಪದ ಮುಗಿದಿತ್ತು. ಉಳಿದ ಎರಡನ್ನು ಎಷ್ಟು ಹೊತ್ತು ಯೋಚಿಸಿದೆಯೋ. ನನಗೆ ತೊಟ್ಟಿಯಲ್ಲಿ ನೀರು ತುಂಬುವುದೊಂದೇ ಕೇಳಿಸುತ್ತಿತ್ತು.

“ತಿಂಡಿ ಆಯ್ತಾ?”

“ಆಯ್ತು” ಎಂದುಬಿಟ್ಟೆ. ಆಗಿರಲಿಲ್ಲ. ನೀನು ಫೋನ್ ಇಟ್ಟ ಮೇಲೆ ಕೈ ತೊಳೆದುಕೊಂಡು, ಬೆಳ್ಳಿಯಕ್ಕನ ಡಬ್ಬಿಯಿಂದ ತೆಗೆದು ತಿಂದೆ. ಈಗ ಆಗಿದೆ.

ನಿನ್ನ
ಮಗಳು